ಕಾಲೇಜಿಗೆ ಹಣ ಕಟ್ಟಿದ ಮೇಲೆ ಮನಸ್ಸು ಬದಲಾದರೆ

ಪಿಯುಸಿ ಫಲಿತಾಂಶ ಬಂದ ಮೇಲೆ ಲಷ್ಕರ್ ಮೊಹಲ್ಲಾದ ನಮ್ಮ ಅಂಗಡಿಗೆ ಬರುವ ಸಮಾಜದ ತಂದೆ-ತಾಯಂದಿರು ಕೇಳುವ ಮಾತು ಒಂದಿದೆ: “ದೊಡ್ಡ ಕಾಲೇಜಿಗೆ ಫೀಸು ಕಟ್ಟಿಬಿಟ್ಟೆವು. ಈಗ ಭಾರ ಅನ್ನಿಸುತ್ತಿದೆ. ಬಿಡಬಹುದೇ?” ಈ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು.

2019ರಲ್ಲಿ ನನ್ನ ತಮ್ಮನ ಮಗಳು ಬಿ.ಕಾಂ.ಗೆ ಬೆಂಗಳೂರಿನ ಖಾಸಗಿ ಕಾಲೇಜೊಂದನ್ನು ಸೇರಿದಳು. ವರ್ಷದ ಫೀಸು 2,40,000 ರೂಪಾಯಿ. ಪಿ.ಜಿ.ಗೆ ತಿಂಗಳಿಗೆ 12,000. ತಮ್ಮ ಕೈಸಾಲ ಮಾಡಿ ಮೊದಲ ವರ್ಷದ ಫೀಸು ಕಟ್ಟಿದ್ದ. ಕೆಲವೇ ದಿನಗಳಲ್ಲಿ ಹುಡುಗಿ ನನಗೆ ಫೋನ್ ಮಾಡಿ, “ದೊಡ್ಡಪ್ಪ, ನನಗೆ ಬೇಕಿರೋದು ಸಿ.ಎ. ಅದನ್ನ ಮೈಸೂರಿನಲ್ಲೇ ಓದಬಹುದಿತ್ತು. ಅಪ್ಪನಿಗೆ ಹೇಳೋಕೆ ಭಯ” ಎಂದು ಅತ್ತಳು. ಆಗ ನಾವು ಕುಳಿತು ನೋಡಿದ್ದು ಮೂರು ವಿಷಯ.

ಗುರಿಗೆ ಆ ಕಾಲೇಜೇ ಬೇಕೆ?

ಸಿ.ಎ. ಪರೀಕ್ಷೆ ನಡೆಸುವುದು ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ. ಬಿ.ಕಾಂ. ಯಾವ ಕಾಲೇಜಿನದೆಂದು ಅದು ಕೇಳುವುದಿಲ್ಲ. ಪಿಯುಸಿ ಆದವರು ಫೌಂಡೇಶನ್ ಬರೆಯಬಹುದು. ಬಿ.ಕಾಂ.ನಲ್ಲಿ ಶೇ. 55 ಪಡೆದವರು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಈಗ ಆರ್ಟಿಕಲ್‌ಷಿಪ್ ಎರಡು ವರ್ಷ. ಐಸಿಎಐ ಶಾಖೆ ಮೈಸೂರಿನಲ್ಲೇ ಇದೆ. ದೂರಶಿಕ್ಷಣದಲ್ಲಿ ಪದವಿ ಪಡೆಯುವವರಿಗೆ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇದೆ. ಆದರೆ ಓದು ಮುಗಿದ ಕೂಡಲೇ ಕ್ಯಾಂಪಸ್‌ನಿಂದಲೇ ಕೆಲಸಕ್ಕೆ ಹೋಗಬೇಕೆಂಬ ಮಕ್ಕಳಿಗೆ ಕಾಲೇಜಿನ ಹೆಸರು ಬೆಲೆ ಬಾಳುತ್ತದೆ. ಅವರ ಲೆಕ್ಕ ಬೇರೆ.

ಇನ್ನು ಎಷ್ಟು ಖರ್ಚು?

ತಮ್ಮ, “ಕಟ್ಟಿದ ಎರಡು ಲಕ್ಷ ನಲವತ್ತು ಸಾವಿರ ನೀರಿಗೆ ಹಾಕೋದಾ?” ಎಂದ. ನಾನು ಕಾಗದದಲ್ಲಿ ಬರೆದೆ: ಮುಂದಿನ ಎರಡು ವರ್ಷದ ಫೀಸು 4,80,000. ವರ್ಷಕ್ಕೆ ಹತ್ತು ತಿಂಗಳಂತೆ ಮೂರು ವರ್ಷದ ಪಿ.ಜಿ. ಖರ್ಚು 3,60,000. ಇನ್ನೂ ಕೊಡಬೇಕಾದ್ದು 8,40,000. ಬೇಡದ ಸರಕಿಗೆ ಮುಂಗಡ ಕೊಟ್ಟಿದ್ದೇವೆಂದು ಉಳಿದ ಹಣವನ್ನೂ ಕೊಟ್ಟು ಗೋದಾಮು ತುಂಬಿಸುವ ವ್ಯಾಪಾರಿ ಉಂಟೆ? ತಮ್ಮ ಸುಮ್ಮನಾದ.

ಕಟ್ಟಿದ ಹಣ ಎಷ್ಟು ವಾಪಸ್?

ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ ಫೀಸು ವಾಪಸ್. ಸಂಸ್ಕರಣಾ ವೆಚ್ಚವಾಗಿ ಶೇ. 5, ಗರಿಷ್ಠ 5,000 ರೂ. ಮಾತ್ರ ಹಿಡಿಯಬಹುದು. ಆ 15 ದಿನದೊಳಗಾದರೆ ಶೇ. 90. ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ಠೇವಣಿ ಹಣ ಪೂರ್ತಿ ಬರಬೇಕು. ಅರ್ಜಿ ಕೊಟ್ಟ 15 ದಿನದಲ್ಲಿ ಹಣ ಕೊಡಬೇಕು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವರ್ಷ ಯುಜಿಸಿ ಹೆಚ್ಚಿನ ರಿಯಾಯಿತಿಯನ್ನೂ ಕೊಟ್ಟಿದೆ: 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ. ಹಾಗಾಗಿ ಆಯಾ ವರ್ಷದ ಸುತ್ತೋಲೆ ನೋಡಿ. ದೂರಿಗೆ ಈಗ ಯುಜಿಸಿಯ ‘ಇ-ಸಮಾಧಾನ್’ ಜಾಲತಾಣವಿದೆ.

ನಮಗೆ ಕಾಲೇಜಿನವರು ಮೊದಲು “ವಾಪಸ್ ಇಲ್ಲ” ಎಂದರು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. ಎರಡು ತಿಂಗಳು ಅಲೆದ ಮೇಲೆ 1,92,000 ಬಂತು. ನಷ್ಟ 48,000.

ಬಿಡುವ ಮುಂಚೆ ಬೇರೆ ಕಡೆ ಸೀಟು ಖಚಿತಪಡಿಸಿಕೊಳ್ಳಿ. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರಿದವರು ಖರ್ಚಿನ ಕಾರಣಕ್ಕೇ ಬಿಡುವುದಾದರೆ, ಮೊದಲು ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ವಿಚಾರಿಸಿ. ಜೈನರು 2014ರಿಂದ ರಾಷ್ಟ್ರಮಟ್ಟದ ಅಲ್ಪಸಂಖ್ಯಾತರ ಪಟ್ಟಿಯಲ್ಲಿದ್ದಾರೆ.

ನಮ್ಮ ಹುಡುಗಿ ಮೈಸೂರಿನಲ್ಲೇ ಬಿ.ಕಾಂ. ಮುಗಿಸಿದಳು. ಇಂಟರ್‌ಮೀಡಿಯೆಟ್‌ನಲ್ಲಿ ಒಮ್ಮೆ ಫೇಲಾದಳು, ಈಗ ಫೈನಲ್‌ಗೆ ಓದುತ್ತಿದ್ದಾಳೆ. ತಮ್ಮನ ಕೈಸಾಲ ತೀರಿದೆ. ಸಿಹಿ ಹಂಚಿಯಾಯಿತು, ನೆಂಟರು ಏನಂದಾರು ಎಂದು ಅವಳು ಅಂದು ಸುಮ್ಮನಿದ್ದಿದ್ದರೆ ಶೇ. 80ರ ಗಡುವೂ ದಾಟಿಹೋಗುತ್ತಿತ್ತು. ಮಕ್ಕಳು ಇಂಥ ಮಾತು ತೆಗೆದಾಗ ಬೈಯುವ ಮೊದಲು ಕ್ಯಾಲೆಂಡರ್ ನೋಡಿ.