ಬಣ್ಣ ಸೋಸುವ ಗಾಜು

ಸಾಬೂನಿನ ಗುಳ್ಳೆಗೆ ಯಾರೂ ಬಣ್ಣ ಬಳಿದಿಲ್ಲ. ಆದರೂ ಅದರ ಮೈಮೇಲೆ ಕಾಮನಬಿಲ್ಲು ಆಡುತ್ತದೆ. ತೆಳುಪೊರೆಯ ಹೊರಮೈಯಿಂದಲೂ ಒಳಮೈಯಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ತೆರೆಯ ಮೇಲೆ ಚಿತ್ರ ಮೂಡಿಸುವ ಪ್ರೊಜೆಕ್ಟರಿನಲ್ಲಿಯೂ ನಡೆಯುವುದು ಇದೇ ಆಟ.

ಅಲ್ಲಿ ದೀಪದ ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಬೇರ್ಪಡಿಸಬೇಕು. ಸಾಮಾನ್ಯ ಬಣ್ಣದ ಗಾಜು ಬೇಡವಾದ ಬೆಳಕನ್ನು ನುಂಗಿ ಬಿಸಿಯಾಗುತ್ತದೆ. ನಾನು ಹೇಳಹೊರಟಿರುವ ಶೋಧಕವಾದರೋ ಅದನ್ನು ಪ್ರತಿಫಲಿಸಿ ಬೇರೆ ದಾರಿಗೆ ಕಳುಹಿಸುತ್ತದೆ. ಅದರ ಮೇಲೆ ಸಿಲಿಕಾನ್ ಡೈಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡುಗಳ ಹತ್ತಾರು ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ. ಹಸಿರನ್ನು ಪ್ರತಿಫಲಿಸುವ ಫಲಕದಲ್ಲಿ ಸಿಲಿಕಾನ್ ಡೈಆಕ್ಸೈಡಿನ ಒಂದು ಪದರ ಸುಮಾರು 94 ನ್ಯಾನೊಮೀಟರ್ ದಪ್ಪವಿರಬಹುದು. ಎಂದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ.

ದಪ್ಪಗಳು ಗೊತ್ತಿದ್ದರೆ ಯಾವ ಬಣ್ಣ ಎಷ್ಟು ದಾಟೀತೆಂದು ಲೆಕ್ಕ ಹಾಕುವುದು ಸುಲಭ. ಬೇಕಾದ ಬಣ್ಣವನ್ನು ಹೇಳಿ ದಪ್ಪಗಳನ್ನು ಕೇಳಿದರೆ ಮಾತ್ರ ನೇರ ಉತ್ತರವಿಲ್ಲ, ಗಣಕಯಂತ್ರ ಹುಡುಕಬೇಕು. ಬಯಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರಗಳನ್ನು ಕೂಡಿಸಿ ಒಂದು ಸಂಖ್ಯೆ ಮಾಡುತ್ತೇವೆ. ಅದನ್ನು ದೋಷಮೊತ್ತ ಎನ್ನೋಣ. ಯಂತ್ರ ದಪ್ಪಗಳನ್ನು ಕೊಂಚಕೊಂಚವೇ ತಿದ್ದುತ್ತ ಆ ಮೊತ್ತವನ್ನು ಇಳಿಸುತ್ತದೆ. ಮಂಜು ಕವಿದ ಬೆಟ್ಟವನ್ನು ಇಳಿಯುವವನು ಹಳ್ಳವೊಂದನ್ನೇ ಕಣಿವೆಯೆಂದು ಬಗೆದು ನಿಲ್ಲುವಂತೆ ಅದೂ ನಡುವೆ ನಿಂತುಬಿಡುವುದುಂಟು. ಮಾಸ್ಕೋದ ಅಲೆಕ್ಸಾಂಡರ್ ತಿಖೋನ್ರಾವೊವ್ 1982ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಇರುವ ಪದರದೊಳಗೆ ಸೂಜಿಯಂತೆ ಅತಿ ತೆಳುವಾದ ಹೊಸ ಪದರವನ್ನು ತೂರಿಸಿ, ಮತ್ತೆ ದಪ್ಪಗಳನ್ನು ತಿದ್ದುವುದು. ಎಲ್ಲಿ ತೂರಿಸಿದರೆ ದೋಷ ಇಳಿಯುವುದೆಂಬುದನ್ನು ಗಣಿತವೇ ತೋರಿಸುತ್ತದೆ. ಆದುದರಿಂದಲೇ ಇದಕ್ಕೆ ಸೂಜಿ ವಿಧಾನವೆಂಬ ಹೆಸರು.

ಆದರೆ ದೋಷವೆಂದರೆ ಯಾವುದು? ಪಾದರಸದ ದೀಪ 578 ನ್ಯಾನೊಮೀಟರಿನ ಆಸುಪಾಸಿನಲ್ಲಿ ಪ್ರಖರವಾದ ಹಳದಿಯನ್ನು ಸೂಸುತ್ತದೆ. ಅದನ್ನು ಕೆಂಪಿನೊಡನೆ ಬಿಟ್ಟರೆ ಕುಂಕುಮ ಕಿತ್ತಳೆಯಾಗುತ್ತದೆ. ಹಸಿರಿನೊಡನೆ ಬಿಟ್ಟರೆ ಎಳೆಯ ಪೈರು ಬಾಡಿದಂತೆ ಕಾಣುತ್ತದೆ. ಹೊರಗಟ್ಟಿದರೆ ಬಣ್ಣಗಳೇನೋ ಶುದ್ಧವಾಗುತ್ತವೆ, ಚಿತ್ರ ಮಂಕಾಗುತ್ತದೆ. ಏಕೆಂದರೆ ನಮ್ಮ ಕಣ್ಣಿಗೆ ಹಳದಿ ಬಹು ಉಜ್ವಲ.

ಕಿಟಕಿ ತೆರೆದ ತರಗತಿಗೆ ಹೊಳಪು ಬೇಕು, ಕತ್ತಲೆಯ ಚಿತ್ರಮಂದಿರಕ್ಕೆ ವರ್ಣಶುದ್ಧಿ. ಯಾವುದಕ್ಕೆ ಎಷ್ಟು ತೂಕವೆಂಬುದನ್ನು ನಾವು ಮೊದಲೇ ನಿರ್ಧರಿಸಿ ದೋಷಮೊತ್ತದಲ್ಲಿ ಸೇರಿಸಬೇಕು. ಯಂತ್ರ ಎಷ್ಟೇ ಚುರುಕಾಗಿ ಹುಡುಕಲಿ, ಹುಡುಕುವುದು ನಾವು ಒಳ್ಳೆಯದೆಂದು ಬರೆದುಕೊಟ್ಟುದನ್ನೇ. ಶೋಧಕ ಶಿಲ್ಪಿಯ ನಿಜವಾದ ಹೊಣೆ ಇರುವುದು ಅಲ್ಲಿ ಎಂದು ನಾನು ಭಾವಿಸುತ್ತೇನೆ.