ಪಿಸಿಎಂಬಿನಾ, ಪಿಸಿಎಂಸಿನಾ? ಫಾರ್ಮ್ ತುಂಬೋ ಮುಂಚೆ ಕೇಳಿ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೈನ್ಸ್‌ಗೆ ಅರ್ಜಿ ಹಾಕ್ತಿದ್ದೀರಾ? ನಾನು ಪಿಸಿಎಂಸಿ ಅಂತ ಬರೆದಿದ್ದು ಒಂದೇ ಕಾರಣಕ್ಕೆ: ನನ್ನ ಫ್ರೆಂಡ್ ಅದನ್ನೇ ಬರೆದಿದ್ದ. ಸೆಕೆಂಡ್ ಪಿಯುನಲ್ಲಿ ಪಶುವೈದ್ಯನಾಗೋ ಆಸೆ ಹುಟ್ಟಿತು. ಬಯಾಲಜಿ ಓದಿರಲಿಲ್ಲ, ಬಾಗಿಲು ಮುಚ್ಚಿತ್ತು.

ಈ ನಾಲ್ಕು ಅಕ್ಷರಗಳಲ್ಲಿ ಮೊದಲ ಮೂರು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಆಯ್ಕೆ ಇರೋದು ಕೊನೆಯದರಲ್ಲಿ: ಬಿ ಅಂದ್ರೆ ಬಯಾಲಜಿ, ಸಿ ಅಂದ್ರೆ ಕಂಪ್ಯೂಟರ್ ಸೈನ್ಸ್, ಇ ಎಲೆಕ್ಟ್ರಾನಿಕ್ಸ್, ಎಸ್ ಸ್ಟ್ಯಾಟಿಸ್ಟಿಕ್ಸ್.

ಇಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಬರೋದು ಮೊದಲ ಮೂರು ವಿಷಯಗಳಿಂದ. ಅವುಗಳ ಸಿಇಟಿ ಅಂಕ ಶೇ 50, ಪಿಯು ಅಂಕ ಶೇ 50. ಕಂಪ್ಯೂಟರ್ ಇಂಜಿನಿಯರಿಂಗ್‌ಗೂ ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತೇನಿಲ್ಲ. ಆದರೆ ಎಂಬಿಬಿಎಸ್, ಪಶುವೈದ್ಯಕೀಯಕ್ಕೆ ಬಯಾಲಜಿ ಬೇಕೇ ಬೇಕು.

ಹಾಗಾಗಿ ಇನ್ನೂ ಗೊಂದಲದಲ್ಲಿದ್ರೆ ಪಿಸಿಎಂಬಿ ತಗೊಳ್ಳಿ, ಎರಡೂ ದಾರಿ ತೆರೆದಿರುತ್ತೆ. ಓದೋದು ಜಾಸ್ತಿ, ಅದು ನಿಜ. ಇಂಜಿನಿಯರಿಂಗೇ ಅಂತ ಗಟ್ಟಿ ಇದ್ರೆ, ಬಯಾಲಜಿ ಇಷ್ಟ ಇಲ್ಲದಿದ್ರೆ, ಆ ಭಾರ ಬೇಡ.

ನಾನೀಗ ಕೋಡ್ ಬರೀತೀನಿ, ಚೆನ್ನಾಗೇ ಇದ್ದೀನಿ. ಆದರೂ ಊರಿಂದ ಅಮ್ಮ ಫೋನ್ ಮಾಡಿ "ಹಸು ಮೇವು ಮುಟ್ತಿಲ್ಲ ಕಣೋ" ಅಂದಾಗ ಆ ಫಾರ್ಮ್ ನೆನಪಾಗುತ್ತೆ. ನಿಮ್ಮ ಫಾರ್ಮ್ ನೀವೇ ತುಂಬಿ.