ಒಂದೇ ಮೊಬೈಲ್, ಮೂರು ಕಲಂ: ಕಳವಿನ ಶಿಕ್ಷೆಯನ್ನು ಬೋಧಿಸುವ ಬಗೆ

ವಸ್ತುವಿನ ಬೆಲೆ ಹೆಚ್ಚಿದಂತೆ ಕಳವಿನ ಶಿಕ್ಷೆಯೂ ಹೆಚ್ಚುತ್ತದೆ ಎಂಬುದು ಮಕ್ಕಳ ಸಾಮಾನ್ಯ ಊಹೆ. ಅದನ್ನು ತಿದ್ದಲು ಅಭ್ಯಾಸ ಪಾಠದಲ್ಲಿ ನಾನು ಅವರಿಗೆ ಪರಿಚಿತವಾದ ಸಾವನದುರ್ಗವನ್ನೇ ಆರಿಸಿಕೊಂಡೆ. ಕಳುವಾಗುವುದು ಒಂದೇ ಮೊಬೈಲ್. ಸ್ಥಳ, ರೀತಿ ಬೇರೆ.

ಬೆಟ್ಟ ಹತ್ತಿದವರು ಪಕ್ಕದ ಬಂಡೆಯ ಮೇಲಿಟ್ಟುಕೊಂಡ ಮೊಬೈಲ್ ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ: 3 ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಮಾಗಡಿಯಿಂದ ಬರುವ ಬಸ್ಸಿನಲ್ಲೋ ಮನೆಯೊಳಗೋ ಕದ್ದರೆ 305ನೇ ಕಲಂ: 7 ವರ್ಷದವರೆಗೆ ಸೆರೆ, ಜೊತೆಗೆ ದಂಡ. ದೇವಾಲಯದ ವಿಗ್ರಹ ಕದ್ದವರಿಗೂ ಇದೇ ಕಲಂ. ಹೊಡೆದು ಕಿತ್ತುಕೊಂಡರೆ ಅದು ಸುಲಿಗೆ. 309ನೇ ಕಲಂ ಪ್ರಕಾರ ಜೀವಾವಧಿ ಸೆರೆ ಇಲ್ಲವೆ 10 ವರ್ಷದವರೆಗೆ ಕಠಿಣ ಸೆರೆ, ಜೊತೆಗೆ ದಂಡ.

ಬೆಲೆಗೂ ಒಂದು ಸ್ಥಾನವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 303ನೇ ಕಲಂನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಎರಡನೇ ಸಲ ಅಪರಾಧ ಸಾಬೀತಾದರೆ 1ರಿಂದ 5 ವರ್ಷ ಕಠಿಣ ಸೆರೆ.

ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅವರನ್ನು ಜೈಲಿಗೆ ಹಾಕುವಂತಿಲ್ಲ. ಕಾನೂನೇ ತಿದ್ದಿಕೊಳ್ಳಲು ಇಷ್ಟು ದಾರಿ ಬಿಟ್ಟಿರುವಾಗ, ಪೆನ್ನು ಕಾಣೆಯಾದೊಡನೆ ವಿದ್ಯಾರ್ಥಿಯೊಬ್ಬನನ್ನು ತರಗತಿಯೆದುರು ‘ಕಳ್ಳ’ ಎನ್ನುವ ಅಧಿಕಾರ ಶಿಕ್ಷಕರಿಗೆಲ್ಲಿಯದು? ಈ ಪಾಠ ನಮಗೂ ಸೇರಿದ್ದು.